ಬಸ್ಸು ಹತ್ತದಿರಲೆಂದು ಪಾತ್ರೆ ಕಳಿಸುವ ಸನಾತು

ಶುಕ್ರವಾರ, ಬೆಳಗಿನ ಐದು ಗಂಟೆ ಹತ್ತು ನಿಮಿಷ. ಹೊರಗೆ ಹನ್ನೊಂದು ಡಿಗ್ರಿ ಫ್ಯಾರನ್‌ಹೀಟ್, ನೆಲವೆಲ್ಲ ಹೆಪ್ಪುಗಟ್ಟಿದೆ. ಅಮೆರಿಕದ ಮಿಶಿಗನ್ ರಾಜ್ಯದ ಕ್ಯಾಂಟನ್ನಿನಲ್ಲಿ, ಫೋರ್ಡ್ ರೋಡಿನಿಂದ ಒಳಗೆ ತಿರುಗಿದರೆ, ಟೈರ್ ಅಂಗಡಿಯ ಬೆನ್ನಿಗೆ ಸುವರ್ಣಮ್ಮನವರ ಕೇಟರಿಂಗ್ ಅಡುಗೆಮನೆ. ಅದರ ಹಿಂಬಾಗಿಲನ್ನು ಬೂಟುಗಾಲಿನಿಂದ ತಳ್ಳಿಕೊಂಡು ಸನಾತು ಒಳಗೆ ಬರುತ್ತಾರೆ. ತಲೆಯ ಮೇಲೆ ನಲವತ್ತು ಪೌಂಡಿನ ಸೋನಾ ಮಸೂರಿ ಚೀಲ, ಅದರ ಮೇಲೆ ಇಪ್ಪತ್ತು ಪೌಂಡಿನ ತೊಗರಿಬೇಳೆ. ಒಂದು ಕೈಯಲ್ಲಿ ಕೊತ್ತಂಬರಿ ಸೊಪ್ಪಿನ ಪೆಟ್ಟಿಗೆ, ಇನ್ನೊಂದರಲ್ಲಿ ವ್ಯಾನಿನ ಕೀ. ಕುತ್ತಿಗೆ ಒಂದಿಷ್ಟೂ ಅಲುಗುವುದಿಲ್ಲ. ಸ್ಟೋರ್ ರೂಮಿನ ಮುಂದೆ ಮೊಣಕಾಲು ಬಗ್ಗಿಸಿ, ಕೊತ್ತಂಬರಿ ಕೆಳಗಿಟ್ಟು, ಎರಡೂ ಚೀಲಗಳನ್ನು ಸದ್ದಿಲ್ಲದೆ ಇಳಿಸುತ್ತಾರೆ. ತಲೆಯ ಮೇಲೆ ಉಳಿದ ಟವೆಲ್ಲಿನ ಸಿಂಬೆಯನ್ನು ತೆಗೆದು, ಕೊಡವಿ, ಮತ್ತೆ ಸುತ್ತಿಟ್ಟುಕೊಂಡು ವ್ಯಾನಿಗೆ ವಾಪಸು.

"ಟ್ರಾಲಿ ಯಾಕಿಟ್ಟಿದೀನಿ ಕಣೇ ನಾನು? ನೋಡೋಕಾ?" ಸುವರ್ಣಮ್ಮ ಒಲೆಯ ಮುಂದಿನಿಂದ ಕೂಗುತ್ತಾರೆ. ಹನ್ನೊಂದು ವರ್ಷದಿಂದ ದಿನಾ ಕೂಗುತ್ತಿದ್ದಾರೆ.

"ಟ್ರಾಲಿ ಐಸ್ ಮೇಲೆ ಜಾರುತ್ತೆ ಅಮ್ಮಾ. ನಾನು ಜಾರಲ್ಲ."

ಹೌದು, ಕನ್ನಡದಲ್ಲೇ. ಪಶ್ಚಿಮ ಆಫ್ರಿಕಾದ ಘಾನಾ ದೇಶದ ಉತ್ತರ ತುದಿಯಲ್ಲಿ, ಗುಷೆಗು ಪೇಟೆಯಿಂದ ಹದಿನಾಲ್ಕು ಮೈಲಿ ಒಳಗಿರುವ ಹಳ್ಳಿಯೊಂದರಲ್ಲಿ ಹುಟ್ಟಿದ ಸನಾತು ಅವರಿಗೆ ಈಗ ನಲವತ್ತೊಂದು ವರ್ಷ. ಮನೆಮಾತು ದಗ್ಬಾನಿ. ರಾಜಧಾನಿ ಅಕ್ರಾದ ಸಂತೆಯಲ್ಲಿ ಟ್ವಿ ಕಲಿತರು, ಪಕ್ಕದಲ್ಲಿ ಮಲಗುತ್ತಿದ್ದ ಹುಡುಗಿಯರಿಂದ ಹೌಸಾ, ಡೆಟ್ರಾಯಿಟ್ಟಿನಲ್ಲಿ ಇಂಗ್ಲಿಷು, ಸುವರ್ಣಮ್ಮನ ಅಡುಗೆಮನೆಯಲ್ಲಿ ಮೈಸೂರು ಕನ್ನಡ. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳು ಅಜ್ಜಿಯ ಮಾತಿಗೆ 'ವಾಟ್?' ಅನ್ನುವ ಕಾಲದಲ್ಲಿ ಇವರಿಗೆ ಇದು ಹೇಗೆ ಹತ್ತಿತು ಎಂದು ಕೇಳಿದರೆ ಭುಜ ಕುಣಿಸುತ್ತಾರೆ. "ಹೊಟ್ಟೆ ಹಸಿದ್ರೆ ಭಾಷೆ ತಾನಾಗೇ ಬರುತ್ತೆ. ನಿಮ್ಮ ಮಕ್ಕಳಿಗೆ ಹಸಿವಿಲ್ಲ, ಅಷ್ಟೇ."

ಸನಾತು ಅವರ ದಿನ ಲೆಕ್ಕಕ್ಕೆ ಸುಲಭವಾಗಿ ಸಿಗುತ್ತದೆ. ನಾಲ್ಕೂಮುಕ್ಕಾಲಿಗೆ ಬಾಗಿಲು ತೆಗೆಯುವುದು. ಸ್ಟೋರಿನ ಅಕ್ಕಿ ಮೂಟೆಗಳ ಹಿಂದೆ ಚಾಪೆ ಹಾಸಿ ನಮಾಜು, ಅದೇ ಹೊತ್ತಿಗೆ ಆ ಕಡೆ ಗೋಡೆಯ ದೇವರ ಪಟಕ್ಕೆ ಸುವರ್ಣಮ್ಮ ದೀಪ ಹಚ್ಚುತ್ತಾರೆ. ಒಂಬತ್ತರೊಳಗೆ ನೂರ ಅರವತ್ತು ಊಟದ ಡಬ್ಬ ತುಂಬಬೇಕು; ಕಾರಿನ ಕಂಪನಿಗಳ ಆಫೀಸಿಗೆ ಅರ್ಧ, ಐಟಿಯವರಿಗೆ ಅರ್ಧ. ಹನ್ನೊಂದೂವರೆಯೊಳಗೆ ವ್ಯಾನಿನಲ್ಲಿ ನಲವತ್ತು ಮೈಲಿ. ಶನಿವಾರ ಭಾನುವಾರ ಮದುವೆ, ಮುಂಜಿ, ಹಬ್ಬದೂಟ. ನಾಳೆಯ ಸಂಕ್ರಾಂತಿ ಊಟಕ್ಕೆ ನಾನೂರ ಇಪ್ಪತ್ತು ಎಲೆ. ಉಂಡವರೆಲ್ಲ ಕೈ ತೊಳೆದುಕೊಂಡು ಬಂದು "ಬಿಸಿಬೇಳೆಬಾತ್ ಅಂದ್ರೆ ನಿಮ್ದೇ ಆಂಟಿ" ಎಂದು ಸುವರ್ಣಮ್ಮನನ್ನು ಹೊಗಳಿ ಹೋಗುತ್ತಾರೆ. ಅದರ ಪುಡಿ ಮಾಡಿದವರು, ಒಗ್ಗರಣೆ ಕೊಟ್ಟವರು, ತಪ್ಪಲೆ ಇಳಿಸಿದವರು ಹಿಂದಿನ ಬಾಗಿಲಲ್ಲಿ ವ್ಯಾನಿಗೆ ಪಾತ್ರೆ ಏರಿಸುತ್ತಿರುತ್ತಾರೆ. ಅವರತ್ತ ಯಾರೂ ನೋಡುವುದಿಲ್ಲ. ಸನಾತುವಿಗೆ ಅದರ ಬೇಸರವೇನೂ ಇಲ್ಲ. "ಹೊಗಳಿಕೆ ಅಮ್ಮಂಗೆ, ಪಾತ್ರೆ ನಂಗೆ," ಎಂದು ನಗುತ್ತಾರೆ.

ಆ ಪಾತ್ರೆಯ ಕತೆಯೇ ಈ ಕತೆ.

ಸನಾತುವಿನ ಊರಿನಲ್ಲಿ ಮಣ್ಣಿನ ದುಂಡು ಮನೆಗಳು. ಪ್ರತಿ ಹೆಂಗಸಿಗೂ ತನ್ನದೇ ಕೋಣೆ, ಕೋಣೆಯ ಗೋಡೆಗೊರಗಿ ಅವಳ ಪಾತ್ರೆಗಳ ಸಾಲು. ದೊಡ್ಡದರ ಮೇಲೆ ಸಣ್ಣದು, ಅದರ ಮೇಲೆ ಇನ್ನೂ ಸಣ್ಣದು, ಹೀಗೆ ತೊಲೆ ಮುಟ್ಟುವವರೆಗೆ. ಮದುವೆಯಾಗಿ ಹೋಗುವ ಹುಡುಗಿ ಈ ಸಾಲನ್ನು ತಾನೇ ಒಯ್ಯಬೇಕು. ಒಯ್ಯದೆ ಹೋದರೆ ಗಂಡನ ಮನೆಯಲ್ಲಿ ಓರಗಿತ್ತಿಯರು ಬಾಯಿಬಿಟ್ಟು ಏನೂ ಅನ್ನುವುದಿಲ್ಲ. ಬಂದು ಬಂದು ಖಾಲಿ ಗೋಡೆ ನೋಡಿ ಹೋಗುತ್ತಾರೆ, ಅಷ್ಟೇ. ಅಷ್ಟು ಸಾಕಲ್ಲ! ಕೊಡಿಸಲು ತಾಯಿಯ ಕೈಯಲ್ಲಿ ಆಗುವುದಿಲ್ಲ. ಅದಕ್ಕೆ ಜೋಳದ ಕಟಾವು ಮುಗಿದದ್ದೇ ತಡ, ಹದಿಮೂರು ಹದಿನಾಲ್ಕರ ಹುಡುಗಿಯರು ಗುಂಪು ಗುಂಪಾಗಿ ಶುಕ್ರವಾರದ ಬಸ್ಸು ಹತ್ತುತ್ತಾರೆ. ನಾನೂರು ಮೈಲಿ ದೂರದ ಅಕ್ರಾ. ಅಲ್ಲಿ ಸಂತೆಯಲ್ಲಿ ತಲೆಯ ಮೇಲೆ ಬೋಗುಣಿ ಇಟ್ಟುಕೊಂಡು ಕಂಡವರ ಸಾಮಾನು ಹೊರುವುದು. ಪಾತ್ರೆಯಾದ ಮೇಲೆ ಊರಿಗೆ ಬರುತ್ತಾರೆ. ಶಾಲೆಯ ಬೆಂಚಿಗೆ ಮಾತ್ರ ಮತ್ತೆ ಬರುವುದಿಲ್ಲ.

ಸನಾತುವೂ ಹದಿನಾಲ್ಕಕ್ಕೆ ಹೋದವರೇ. ಹಿಂದಿನ ವರ್ಷ ಹೋಗಿದ್ದ ಗೆಳತಿ ಹಬ್ಬಕ್ಕೆ ಬಂದಿದ್ದಳು. ಮೈಮೇಲೆ ಹೊಸ ಬಟ್ಟೆ, ಹಿಂದೆ ಪಾತ್ರೆ ಹೊತ್ತ ಇಬ್ಬರು ತಮ್ಮಂದಿರು. "ಅವಳು ನಡೆಯೋದನ್ನ ನೋಡಿದೆ. ನಾನೂ ಹಂಗೇ ನಡೀಬೇಕು ಅನ್ನಿಸ್ತು. ಯಾರೂ ನನ್ನ ಕಳಿಸಲಿಲ್ಲ. ನಾನೇ ಹೋದೆ. ನಮ್ಮಮ್ಮಂಗೆ ಬೆಳಿಗ್ಗೆ ಗೊತ್ತಾಯ್ತು," ಎನ್ನುತ್ತಾರೆ. ಎರಡು ವರ್ಷ, ದಿನಕ್ಕೆ ಇಪ್ಪತ್ತೈದು ಮೂವತ್ತು ಹೊರೆ. ಟೊಮೇಟೊ ಬುಟ್ಟಿ, ಗೆಣಸಿನ ಗೋಣಿ, ಬಟ್ಟೆಯ ಮೂಟೆ, ಒಮ್ಮೆ ಮಿಕ್ಸಿ ರಿಪೇರಿಯವನ ಇಡೀ ಅಂಗಡಿ. ಮಲಗುವುದು ಅಂಗಡಿಯ ಜಗುಲಿಯ ಮೇಲೆ, ಒಂಬತ್ತು ಹುಡುಗಿಯರು ಸಾಲಾಗಿ. ಮಳೆ ಬಂದರೆ ಎದ್ದು ನಿಲ್ಲುವುದು. ಮೂರು ಜನರಿಗೆ ಒಂದು ಚಾಪೆ. ಇಷ್ಟನ್ನೂ ಅವರು ಬೆಂಡೆಕಾಯಿ ಹೆಚ್ಚುತ್ತಾ, ಯಾರದೋ ಕತೆ ಹೇಳುವ ಹಾಗೆ ಹೇಳುತ್ತಾರೆ.

ಪಾತ್ರೆ ಬಂತೇ? ಬಂತು. "ಪಾತ್ರೆ ಬಂತು, ಸ್ಕೂಲ್ ಹೋಯ್ತು. ಆರನೇ ಕ್ಲಾಸು ಪಾಸಾಗಿದ್ದೆ. ಗಣಿತದಲ್ಲಿ ನಾನೇ ಫಸ್ಟು." ಮದುವೆಯಾಯಿತು. ಗಂಡನಿಗೆ ವೀಸಾ ಲಾಟರಿ ಹೊಡೆಯಿತು. ಡೆಟ್ರಾಯಿಟ್ಟಿಗೆ ಬಂದ ಮೇಲೆ ಅವರು ಬಿಡಿಭಾಗದ ಕಾರ್ಖಾನೆಗೆ ಸೇರಿದರು, ಇವರು ಮೊದಲು ಹೋಟೆಲಿನ ಲಾಂಡ್ರಿಗೆ, ಆಮೇಲೆ ಸುವರ್ಣಮ್ಮನಲ್ಲಿಗೆ. ಮೊದಲ ದಿನ ಅಕ್ಕಿ ಮೂಟೆ ತಲೆಗೇರಿಸಿಕೊಂಡು ಬಂದವರನ್ನು ಕಂಡು, ನಂಜನಗೂಡಿನ ಕಡೆಯ ಸುವರ್ಣಮ್ಮ ಸೌಟು ಹಿಡಿದ ಕೈಯಲ್ಲೇ ನಿಂತುಬಿಟ್ಟರಂತೆ. "ಸಿಂಬೆ ಸುತ್ತೋ ಕೈ ನೋಡಿದ ತಕ್ಷಣ ಗೊತ್ತಾಯ್ತು ನಂಗೆ. ನಮ್ಮಜ್ಜಿ ಹಂಗೇ ಸುತ್ತೋರು. ಇವಳನ್ನ ಬಿಡಬಾರದು ಅಂದ್ಕೊಂಡೆ," ಎನ್ನುತ್ತಾರೆ ಈಗ ಅರವತ್ತೆಂಟರ ಆಕೆ.

ಇನ್ನು ನಮ್ಮವರ ಬೇಸ್‌ಮೆಂಟಿನ ವಿಷಯಕ್ಕೆ ಬರೋಣ. ನಮ್ಮವರ ಬೇಸ್‌ಮೆಂಟ್ ಅಂದರೆ ಕೇಳಬೇಕೆ! ಮೂರು ವರ್ಷದ ಹಿಂದೆ, ಇದೇ ಕ್ಯಾಂಟನ್ನಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಲತಾಶ್ರೀ ಅವರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಊಟ ಮುಗಿದ ಮೇಲೆ ಮಡಿಸುವ ಮೇಜುಗಳನ್ನು ಇಡಲು ಸನಾತು ಕೆಳಗಿಳಿದರು. ದೀಪ ಹಾಕಿದರೆ ಗೋಡೆಯುದ್ದಕ್ಕೂ ಸ್ಟೀಲು. ಡಬರಿ, ಬೋಸಿ, ಚೊಂಬು, ಮುಚ್ಚಳದ ಡಬ್ಬ, ಒಂದರೊಳಗೊಂದು ಕೂತ ಐದೈದರ ಸೆಟ್ಟು. ಪ್ಲಾಸ್ಟಿಕ್ ಕವರು ಕೂಡ ಬಿಚ್ಚಿಲ್ಲ. ಒಂದೊಂದರ ಮೇಲೂ ಚುಕ್ಕಿ ಚುಕ್ಕಿಯಾಗಿ ಕೆತ್ತಿದ ಹೆಸರು: ಮದುವೆಗೆ ಸೋದರತ್ತೆ ಕೊಟ್ಟದ್ದು, ಸೀಮಂತಕ್ಕೆ ದೊಡ್ಡಮ್ಮ ಕೊಟ್ಟದ್ದು, ಗೃಹಪ್ರವೇಶಕ್ಕೆ ಯಾರೋ ಕೊಟ್ಟದ್ದು. ಸನಾತು ಮೇಜು ಅಲ್ಲೇ ಬಿಟ್ಟು ಮೆಟ್ಟಿಲ ಮೇಲೆ ಕೂತುಬಿಟ್ಟರು.

ಹುಡುಕಿಕೊಂಡು ಬಂದ ಲತಾಶ್ರೀ ಗಾಬರಿಯಾದರು. "ಏನಾಯ್ತು ಸನಾತು? ತಲೆ ಸುತ್ತು ಬಂತಾ?"

"ಇದನ್ನೆಲ್ಲ ಯಾರು ಉಪಯೋಗಿಸ್ತಾರೆ?"

ಲತಾಶ್ರೀ ಉತ್ತರ ಕೊಡುವ ಮೊದಲೇ, ಹಿಂದಿನಿಂದ ಬಂದ ಅವರ ಗಂಡ, ಧಾರವಾಡದ ದೇವೇಂದ್ರ, ಬಾಯಿ ಹಾಕಿದರು. "ಯಾರೂ ಇಲ್ರೀ. ನಮ್ಮತ್ತಿಯೋರು ಬಂದಾಗೆಲ್ಲಾ ಎರಡು ಸೂಟ್‌ಕೇಸ್ ತುಂಬ ಸ್ಟೀಲೇ ತರ್ತಾರ. ಕೊಟ್ಟಿದ್ದನ್ನ ಬಿಸಾಕಬಾರದು, ಯಾರಿಗೂ ಕೊಡಬಾರದು, ಬಳಸಲಿಕ್ಕಂತೂ ಆಗೂದಿಲ್ಲ. ಹಿಂಗಾಗಿ ಕೂತಾವ ನೋಡ್ರಿ."

"ನಂಗೆ ಕೊಡ್ತೀರಾ?" ಸನಾತು ಕೇಳಿದರು. "ನಮ್ಮೂರಲ್ಲಿ ಇಷ್ಟು ಪಾತ್ರೆಗೋಸ್ಕರ ಆರು ಹುಡುಗೀರು ಅಕ್ರಾಗೆ ಹೋಗ್ತಾರೆ."

ಅಲ್ಲಿಂದ ಶುರು. ಲತಾಶ್ರೀ ಒಂದು ವಾಟ್ಸಾಪ್ ಮೆಸೇಜು ಹಾಕಿದ್ದೇ, ಮಿಶಿಗನ್ನಿನ ಕನ್ನಡದ ಬೇಸ್‌ಮೆಂಟುಗಳೆಲ್ಲ ಬಾಯಿಬಿಟ್ಟವು. ಇಲಿನಾಯ್ ರಾಜ್ಯಕ್ಕೂ ಸುದ್ದಿ ಹೋಯಿತು. ಲೊಂಬಾರ್ಡಿನ ಅಪಾರ್ಟ್‌ಮೆಂಟುಗಳಿಂದ ಮಂಚದಡಿಯ ಪೆಟ್ಟಿಗೆಗಳು ಬಂದವು. ಪ್ಲೇನ್‌ಫೀಲ್ಡಿನ ವೆಂಕಟರಾಮು ಎಂಬ ನಿವೃತ್ತರು ಫೋನು ಮಾಡಿ, "ಹಿತ್ತಾಳೆ ಹಂಡೆ ಒಂದಿದೆಯಮ್ಮ, ನನ್ನ ಹೆಂಡತಿ ಹೋದ ಮೇಲೆ ಅದನ್ನ ನೋಡೋಕಾಗಲ್ಲ, ತಗೊಂಡೋಗು," ಎಂದರು. ಸನಾತು ರಜೆಯಿದ್ದ ಒಂದು ಸೋಮವಾರ ಇನ್ನೂರೈವತ್ತು ಮೈಲಿ ಡ್ರೈವ್ ಮಾಡಿಕೊಂಡು ಹೋಗಿ, ಅವರೊಂದಿಗೆ ಕಾಫಿ ಕುಡಿದು, ಹಂಡೆಗೆ ಸೀಟ್‌ಬೆಲ್ಟ್ ಹಾಕಿಕೊಂಡು ಬಂದರು.

ಕೆಲಸಕ್ಕೆ ಸನಾತು ಮಾಡಿದ ಕ್ರಮ ಖಡಕ್ಕು. ಒಬ್ಬ ಹುಡುಗಿಗೆ ಇಪ್ಪತ್ತೊಂದು ಪಾತ್ರೆಯ ಒಂದು ಸಾಲು, ಅಳತೆಯಿಂದ ಅಳತೆಗೆ ಸರಿಯಾಗಿ ಇಳಿಯಬೇಕು. ನೀಲಿ ಪ್ಲಾಸ್ಟಿಕ್ ಪೀಪಾಯಿಯಲ್ಲಿ ತುಂಬಿ ಡೆಟ್ರಾಯಿಟ್ಟಿನಿಂದ ಹಡಗಿಗೆ. ಕಟಾವಿನ ಹೊತ್ತಿಗೆ, ಅಂದರೆ ಬಸ್ಸಿನ ಕಾಲಕ್ಕೆ ಮೊದಲೇ, ಅದು ಊರು ಮುಟ್ಟಬೇಕು. ಪಾತ್ರೆ ಹುಡುಗಿಯ ಹೆಸರಿಗೆ, ಆದರೆ ತಾಯಿಯ ಕೋಣೆಯಲ್ಲಿ. ಒಂಬತ್ತನೆಯ ತರಗತಿಯ ದೊಡ್ಡ ಪರೀಕ್ಷೆ ಬರೆದ ಮೇಲೆಯೇ ಅವಳ ಕೈಗೆ. ಅದನ್ನು ನೋಡಿಕೊಳ್ಳುವವರು ಊರ ಹೆಂಗಸರ ಮುಖಂಡೆ ಅಬೀಬಾ ಎಂಬ ಮುದುಕಿ. ಮೊದಲ ಎರಡು ವರ್ಷದಲ್ಲಿ ನಾಲ್ಕು ಪೀಪಾಯಿ, ಹದಿನೇಳು ಹುಡುಗಿಯರು. ಹನ್ನೆರಡು ಜನ ಪರೀಕ್ಷೆ ಬರೆದರು.

ಉಳಿದ ಐವರು? ಸನಾತು ಮುಚ್ಚಿಡುವುದಿಲ್ಲ. "ಬಸ್ ಹತ್ತಿದ್ರು. ಪಾತ್ರೆ ಇದ್ರೂ ಹತ್ತಿದ್ರು. ಒಬ್ಬಳ ಮನೇಲಿ ಊಟಕ್ಕಿರಲಿಲ್ಲ, ಒಬ್ಬಳಿಗೆ ಊರೇ ಬೇಡವಾಗಿತ್ತು. ಪಾತ್ರೆ ಎಲ್ಲಾದಕ್ಕೂ ಔಷಧಿ ಅಲ್ಲ. ಆದ್ರೆ ಪಾತ್ರೆಗೋಸ್ಕರ ಮಾತ್ರ ಹೋಗೋರನ್ನ ನಾನು ಬಿಡಲ್ಲ."

ಹೋದ ವರ್ಷದ ಐದನೆಯ ಪೀಪಾಯಿ ಬೇರೆಯದೇ ಆಗಿತ್ತು. ಅದರಲ್ಲಿ ಅಜಾರಾಳ ಸಾಲಿತ್ತು. ಅಜಾರಾ ಸನಾತುವಿನ ಅಕ್ಕ ಮೇಮುನಾಳ ಮಗಳು. ಹದಿನೈದು ವರ್ಷ, ಒಂಬತ್ತನೆಯ ತರಗತಿ, ಗಣಿತದಲ್ಲಿ ಫಸ್ಟು. ಚಿಕ್ಕಮ್ಮನಿಗೆ ಇವಳೆಂದರೆ ಪ್ರಾಣ. ಜುಲೈಯ ಒಂದು ಶನಿವಾರ ಲತಾಶ್ರೀ ಅವರ ಗ್ಯಾರೇಜಿನಲ್ಲಿ ಪೀಪಾಯಿ ತುಂಬುವುದೆಂದು ನಿಶ್ಚಯವಾಯಿತು. ಆ ದಿನವೇ ಪ್ಲೇನ್‌ಫೀಲ್ಡಿನಲ್ಲೊಂದು ಮದುವೆಯೂಟ ಬಿತ್ತು. ಸನಾತು ಸುವರ್ಣಮ್ಮನ ಜೊತೆ ಹೋಗಬೇಕಾಯಿತು. "ನೀವೇನೂ ಯೋಚ್ನೆ ಮಾಡ್ಬೇಡಿ, ನಾವು ಹೆಂಗಸರೆಲ್ಲ ಸೇರಿ ಪ್ಯಾಕ್ ಮಾಡ್ತೀವಿ," ಎಂದರು ಲತಾಶ್ರೀ. ಎಂಟು ಜನ ಸೇರಿದರು. ಅಚ್ಚುಕಟ್ಟಾಗಿ ಪ್ಯಾಕ್ ಮಾಡಿದರು. ಮುಚ್ಚಳ ಹಾಕುವ ಹೊತ್ತಿಗೆ ಸರಳಾ ಎಂಬುವರು ತಡೆದರು.

"ಅಯ್ಯೋ, ತಡೀರಿ. ಮದುವೆ ಹೆಣ್ಣಿಗೆ ಬರಿ ಪಾತ್ರೆ ಕಳಿಸ್ತಾರಾ ಯಾರಾದ್ರೂ?"

ಮುಗಿಯಿತು! ಲತಾಶ್ರೀ ಒಳಗಿನಿಂದ ಅಕ್ಕಿ ತಂದರು. ಪ್ರತಿ ಪಾತ್ರೆಗೂ ಒಂದೊಂದು ಹಿಡಿ. ಅಕ್ಕಿಯ ಮೇಲೆ ಒಂದಚ್ಚು ಬೆಲ್ಲ, ಒಂದಡಿಕೆ, ಮೇಲಿಷ್ಟು ಅರಿಶಿನ ಕುಂಕುಮ. ಎಂಟು ಜನರೂ ಮನಸಾರೆ ಹರಸಿ, ಮುಚ್ಚಳ ಬಿಗಿದು, ಟೀ ಕುಡಿದು ಹೋದರು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಅಂತಾರಲ್ಲ, ಇದು ಅದೇ.

ಹಡಗಿನ ಸೆಕೆಯಲ್ಲಿ ಬೆಲ್ಲ ಕರಗಿತು. ಬಂದರಿನ ತೇವಕ್ಕೆ ಕುಂಕುಮ ನೀರಾಯಿತು. ಅಕ್ಕಿಗೆ ಹುಳ ಬಿತ್ತು. ನವೆಂಬರಿನ ಒಂದು ಮಂಗಳವಾರ, ಬಸ್ಸಿನ ಕಾಲ ಶುರುವಾದ ಮೇಲೆ, ಪೀಪಾಯಿ ಕೊನೆಗೂ ಊರು ಮುಟ್ಟಿತು. ಮರದಡಿ ಹೆಂಗಸರೆಲ್ಲ ಸೇರಿ ಮುಚ್ಚಳ ತೆಗೆದರು. ಪಾತ್ರೆ ಪಾತ್ರೆಯೊಳಗೂ ಕೆಂಪು ಕೆಂಪು ಅಂಟು, ಅದರಲ್ಲಿ ಹರಿದಾಡುವ ಅಕ್ಕಿ, ನಡುವೆ ಕರಿಕಾಯಿಯೊಂದು. ಯಾರಿಗೆ ತಾನೆ ಏನನ್ನಿಸೀತು? ಮಾಟ! ಮೇಮುನಾ ಮಗಳ ಕೈ ಹಿಡಿದು ಹತ್ತು ಹೆಜ್ಜೆ ಹಿಂದೆ ಎಳೆದಳಂತೆ. ಒಬ್ಬ ತಾಯಿಯೂ ಪಾತ್ರೆ ಮುಟ್ಟಲಿಲ್ಲ.

ಆ ದಿನ ಅಕ್ಕ ಫೋನಿನಲ್ಲಿ ಕೇಳಿದ ಮಾತನ್ನು ಸನಾತು ಈಗಲೂ ಮೆಲ್ಲಗೆ ಹೇಳುತ್ತಾರೆ. "'ಸನಾತು, ನಿನ್ನ ಜನ ನನ್ನ ಮಗಳಿಗೆ ಏನು ಮಾಡ್ಸಿದಾರೆ?' ಅಂದಳು. ನನ್ನ ಜನ ಅಂತೆ. ಕನ್ನಡದೋರನ್ನ, ನಿಮ್ಮನ್ನ." ತಾಯಿಯ ಕೈಯಿಂದ ಫೋನು ಕಿತ್ತುಕೊಂಡು ಅಜಾರಾ ಚುಟುಕಾಗಿ ಮುಗಿಸಿದಳು: ಈ ಪಾತ್ರೆ ಬೇಡ, ನನ್ನ ಪಾತ್ರೆ ನಾನೇ ತರುತ್ತೇನೆ, ಶುಕ್ರವಾರ ಬಸ್ಸಿದೆ.

ಅವತ್ತು ಸನಾತುವಿನ ಕೈಗೆ ಲೆಕ್ಕ ತಪ್ಪಿತು. ಸಾರಿಗೆ ಉಪ್ಪು ಎರಡು ಸಲ ಬಿತ್ತು. ಸುವರ್ಣಮ್ಮ ಗದರಿಸಿ ಕೇಳಿದ ಮೇಲೆ, ಸಂಜೆ ಕೈ ಒರೆಸಿಕೊಳ್ಳುತ್ತ ಎಲ್ಲ ಹೇಳಿದರು. ಸುವರ್ಣಮ್ಮ ಹಣೆ ಚಚ್ಚಿಕೊಂಡರು. "ನಾಳೆ ಬೆಳಿಗ್ಗೆ ಆ ಹೆಂಗಸರನ್ನೆಲ್ಲ ಫೋನ್ ಮುಂದೆ ಕೂರ್ಸು. ನಾನು ಮಾತಾಡ್ತೀನಿ."

ಬುಧವಾರ ಬೆಳಗ್ಗೆ ಐದೂವರೆ, ಅಲ್ಲಿ ಹತ್ತೂವರೆ. ಹಿಟ್ಟಿನ ಡಬ್ಬಕ್ಕೆ ಒರಗಿಸಿದ ಫೋನಿನಲ್ಲಿ ಮರದಡಿಯ ಇಪ್ಪತ್ತು ಮೂವತ್ತು ಮುಖಗಳು. ಮುಂದೆ ಸ್ಟೂಲಿನ ಮೇಲೆ ಮುಖಂಡೆ ಅಬೀಬಾ. ಈ ಕಡೆ ಸೀರೆಯ ಮೇಲೆ ಸ್ವೆಟರು, ಅದರ ಮೇಲೆ ಏಪ್ರನ್ನು ಹಾಕಿದ ಸುವರ್ಣಮ್ಮ. ಮುಂದೆ ಒಂದು ಸ್ಟೀಲ್ ಬೋಸಿ. ಆಕೆ ಕನ್ನಡದಲ್ಲಿ ಹೇಳಿದ್ದನ್ನು ಸನಾತು ದಗ್ಬಾನಿಯಲ್ಲಿ ಹೇಳುತ್ತ ಹೋದರು.

"ನೋಡಿ ತಾಯಂದ್ರಾ, ನಮ್ಮಲ್ಲಿ ಹೆಣ್ಣುಮಗಳಿಗೆ ಪಾತ್ರೆ ಕೊಟ್ರೆ ಬರಿದು ಕೊಡಲ್ಲ. ಬರಿ ಪಾತ್ರೆ ಕೊಟ್ರೆ ಅವಳ ಮನೆ ಬರಿದಾಗ್ಲಿ ಅಂದಂಗೆ. ಅದಕ್ಕೆ ಒಂದು ಹಿಡಿ ಅಕ್ಕಿ ಹಾಕ್ತೀವಿ." ಬೋಸಿಗೆ ಅಕ್ಕಿ ಬಿತ್ತು. "ಇದು ಬೆಲ್ಲ." ಒಂದು ಚೂರು ಮುರಿದು ತಾವೇ ಬಾಯಿಗೆ ಹಾಕಿಕೊಂಡರು. "ಇದು ಕುಂಕುಮ." ಬೆರಳಲ್ಲಿ ತೆಗೆದು ಹಣೆಗಿಟ್ಟುಕೊಂಡರು. "ಇದರಲ್ಲಿ ಕೆಟ್ಟದ್ದು ಅಂತ ಏನಾದ್ರೂ ಇದ್ರೆ ಮೊದಲು ನಂಗೇ ತಟ್ಟಲಿ. ತಪ್ಪು ನಮ್ಮದೇ. ಹಡಗು ಮೂರು ತಿಂಗಳು ಹೋಗುತ್ತೆ ಅನ್ನೋ ಬುದ್ಧಿ ಇರಲಿಲ್ಲ ನಮ್ಮ ಹೆಂಗಸರಿಗೆ."

ಅಬೀಬಾ ಬಹಳ ಹೊತ್ತು ಫೋನಿನೊಳಗೆ ಇಣುಕಿ ನೋಡಿದರು. ಸುವರ್ಣಮ್ಮನ ಬಾಯಿ ಬೆಲ್ಲ ಜಗಿಯುತ್ತಲೇ ಇತ್ತು. ಆಮೇಲೆ ಮುದುಕಿ ಏನೋ ಅಂದರು, ಮರದಡಿ ನಗು ಎದ್ದಿತು. ಸನಾತು ಕನ್ನಡಕ್ಕೆ ತಂದರು: "'ನಮ್ಮಲ್ಲೂ ನೆರೆಮನೆಯ ಬಟ್ಟಲನ್ನ ಬರಿದಾಗಿ ವಾಪಸ್ ಕೊಡಲ್ಲ. ಆದ್ರೆ ಹುಳ ಹಾಕಿ ಕೊಡಲ್ಲ' ಅಂತಿದಾರೆ ಅಮ್ಮಾ."

ತಾಯಂದಿರು ಒಬ್ಬೊಬ್ಬರಾಗಿ ಪಾತ್ರೆಗಳ ಕಡೆ ನಡೆದರು. ಅಜಾರಾ ನಡೆಯಲಿಲ್ಲ. ಫೋನಿನ ಹತ್ತಿರ ಬಂದು, ಎಲ್ಲರ ಎದುರಿಗೇ ಕೇಳಿದಳು.

"ಚಿಕ್ಕಮ್ಮಾ, ನೀನೂ ಹೋಗಿದ್ದೆ. ಹೋಗಿ ಅಮೆರಿಕ ಸೇರಿದೆ. ಊರಿಗೆ ಬಂದಾಗ ನಿನ್ನ ಮುಂದೆ ಎಲ್ಲರೂ ನಿಂತ್ಕೋತಾರೆ. ನಾನು ಮಾತ್ರ ಯಾಕೆ ಹೋಗಬಾರದು?"

ನ್ಯಾಯವಾದ ಪ್ರಶ್ನೆ. ಸನಾತು ತಲೆಗೆ ಸದಾ ಕಟ್ಟಿರುತ್ತಿದ್ದ ಬಟ್ಟೆಯ ಗಂಟು ಬಿಚ್ಚಿದರು. ತಲೆ ಬಗ್ಗಿಸಿ ಫೋನಿನ ಮುಂದೆ ಹಿಡಿದರು. ನೆತ್ತಿಯ ನಡುವೆ, ಅಂಗೈಯಗಲ, ಕೂದಲಿಲ್ಲ. ಬೋಗುಣಿ ಕೂತು ಕೂತು ಚರ್ಮ ಜಡ್ಡುಗಟ್ಟಿ ಹೊಳೆಯುತ್ತಿದೆ. ಹನ್ನೊಂದು ವರ್ಷ ಪಕ್ಕದಲ್ಲೇ ನಿಂತು ಅಡುಗೆ ಮಾಡಿದ ಸುವರ್ಣಮ್ಮ ಅದನ್ನು ಕಂಡದ್ದು ಅಂದೇ ಮೊದಲು. ಆಕೆ ಸೆರಗು ಬಾಯಿಗಿಟ್ಟುಕೊಂಡರು.

"ಹದಿನಾರಕ್ಕೆ ಹೀಗಾಯ್ತು," ಎಂದರು ಸನಾತು. "ಎಡಗೈಯಲ್ಲಿ ಎರಡು ಬೆರಳಿಗೆ ಬಿಸಿ ಗೊತ್ತಾಗಲ್ಲ, ಕುತ್ತಿಗೆ ನರ ಒತ್ತಿದೆ ಅಂದಿದಾರೆ ಡಾಕ್ಟ್ರು. ಜಗುಲಿ ಮೇಲೆ ಒಂಬತ್ತು ಜನ ಮಲಗ್ತಿದ್ವಿ. ವಾಪಸ್ ಬಂದೋರು ಏಳು."

ಅಜಾರಾ ಕೇಳಿದಳು. "ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಹೊಸ ಬಟ್ಟೆ ಹಾಕ್ಕೊಂಡು, ಸೂಟ್‌ಕೇಸ್ ಎಳ್ಕೊಂಡು ಬರ್ತಿದ್ದೆ. ನೀವೆಲ್ಲ ನೋಡ್ತಿದ್ರಿ. ನಂಗೂ ಅದು ಇಷ್ಟ ಆಗ್ತಿತ್ತು. ನನ್ನ ಬಸ್ ಹತ್ತಿಸಿದ ಗೆಳತಿ ಮಾಡಿದ್ದನ್ನೇ ನಾನೂ ಮಾಡಿದೆ. ತಪ್ಪಾಯ್ತು."

ಹುಡುಗಿ ಫೋನು ಬಿಟ್ಟು ಮರದಾಚೆ ನಡೆದುಹೋದಳು. ಫೋನು ಕಟ್ಟಾಯಿತು. ಸನಾತು ಬಟ್ಟೆ ಕಟ್ಟಿಕೊಂಡು ಡಬ್ಬ ತುಂಬಲು ಹೋದರು. ಗುರುವಾರವೂ ಏನೂ ಸುದ್ದಿ ಬರಲಿಲ್ಲ. ಸನಾತುವೂ ಬೇಕೆಂದೇ ಫೋನು ಮಾಡಲಿಲ್ಲವಂತೆ. "ನಾನು ಕಾಡಿದ್ರೆ ಅವಳು ಹೋಗೇ ಹೋಗ್ತಾಳೆ. ನನ್ನ ರಕ್ತ ಅದು," ಎನ್ನುತ್ತಾರೆ. ಶುಕ್ರವಾರ ಹನ್ನೊಂದು ಗಂಟೆಗೆ, ಅಲ್ಲಿ ಬಸ್ಸು ಹೊರಡುವ ನಾಲ್ಕು ಗಂಟೆಗೆ, ಆಫೀಸೊಂದರ ಪಾರ್ಕಿಂಗಿನಲ್ಲಿ ವ್ಯಾನು ನಿಲ್ಲಿಸಿ ಅಕ್ಕನಿಗೆ ಫೋನು ಮಾಡಿದರು.

ಮೇಮುನಾ ಹೇಳಿದಳು: ಬಸ್ಸು ಹೋಯಿತು. ನಾಲ್ಕು ಹುಡುಗಿಯರು ಹತ್ತಿದರು. ಅಜಾರಾ ಹಿತ್ತಲಲ್ಲಿ ಕೂತು ಬೂದಿ ಹಾಕಿ ಪಾತ್ರೆ ತಿಕ್ಕುತ್ತಿದ್ದಾಳೆ, ಕುಂಕುಮದ ಕಲೆ ಹೋಗುತ್ತಿಲ್ಲವೆಂದು ನಿನ್ನ ಜನರನ್ನೆಲ್ಲ ಬೈಯುತ್ತಿದ್ದಾಳೆ.

ಸನಾತು ಸ್ಟೀರಿಂಗ್ ಮೇಲೆ ತಲೆಯಿಟ್ಟು ಅತ್ತರು. ಅವತ್ತು ಊಟದ ಡಬ್ಬ ಹದಿನೈದು ನಿಮಿಷ ತಡ. ಹನ್ನೊಂದು ವರ್ಷದಲ್ಲಿ ಅದೊಂದೇ ಸಲ.

ಆದರೆ ಬಸ್ಸು ಆ ಒಂದು ವಾರಕ್ಕೆ ನಿಲ್ಲುವುದಿಲ್ಲ. ಪ್ರತಿ ಶುಕ್ರವಾರವೂ ಒಂದು ಬಸ್ಸಿದೆ. ಪರೀಕ್ಷೆ ಇರುವುದು ಜೂನ್ ತಿಂಗಳಲ್ಲಿ. ಹೀಗಾಗಿ ಪ್ರತಿ ಶುಕ್ರವಾರ ಹನ್ನೊಂದಕ್ಕೆ ಸನಾತು ಒಂದು ಫೋನು ಮಾಡುತ್ತಾರೆ. ಆ ಮೊದಲ ಶುಕ್ರವಾರವಾದ ಮೇಲೆ ಏಳು ಕಳೆದಿವೆ. ಈ ಬಾರಿ ಪೀಪಾಯಿ ತುಂಬುವಾಗ ಗ್ಯಾರೇಜಿನಲ್ಲಿ ತಾವೇ ನಿಲ್ಲುವುದಾಗಿ ಹೇಳಿದ್ದಾರೆ. ಸರಳಾ ಅವರು ತಡೆಯಲಾರದೆ, ಅಕ್ಕಿಯ ಬದಲಿಗೆ ಪ್ರತಿ ಪಾತ್ರೆಗೂ ಒಂದು ಸ್ಟೀಲ್ ಚಮಚ ಹಾಕಬಹುದೇ ಎಂದು ಕೇಳಿ ಒಪ್ಪಿಗೆ ಪಡೆದಿದ್ದಾರೆ. ಲತಾಶ್ರೀ ಅವರ ಮಗಳು ಸಿಯಾ, ಅಜಾರಾಳ ಓರಗೆಯವಳು, ಬೇಸ್‌ಮೆಂಟಿನ ಖಾಲಿಯಾದ ಗೋಡೆ ನೋಡಿ, "ಫೈನಲೀ!" ಅಂದಳಂತೆ.

ಇಂದು ಎಂಟನೆಯದು. ಗಂಟೆ ಹನ್ನೊಂದು. ಡಬ್ಬಗಳನ್ನು ಬೇಗ ಕೊಟ್ಟು ಬಂದ ಸನಾತು, ನಾಳೆಯ ಎಳ್ಳು ಹುರಿಯುತ್ತಿರುವ ಸುವರ್ಣಮ್ಮನ ಪಕ್ಕದಲ್ಲೇ ನಿಂತು ಫೋನು ಹಚ್ಚುತ್ತಾರೆ. ಆ ಕಡೆ ಮೇಮುನಾ. ಸನಾತು ಕೇಳಿಸಿಕೊಳ್ಳುತ್ತಾರೆ, ಹುಬ್ಬೇರಿಸುತ್ತಾರೆ, ಒಮ್ಮೆಗೇ ಗಟ್ಟಿಯಾಗಿ ನಗುತ್ತಾರೆ.

"ಏನಂತೆ ಕಣೇ?" ಸುವರ್ಣಮ್ಮ ಬಾಣಲೆ ಇಳಿಸಿಯೇ ಬಿಡುತ್ತಾರೆ. "ಇದಾಳಾ ಹುಡುಗಿ?"

"ಸ್ಕೂಲಲ್ಲಿದಾಳೆ. ಎಕ್ಸ್‌ಟ್ರಾ ಕ್ಲಾಸಂತೆ. ನಂಗೊಂದು ಮಾತು ಹೇಳಿ ಹೋಗಿದಾಳೆ. 'ವಾರ ವಾರ ಫೋನ್ ಮಾಡಿ ಎಣಿಸೋಕೆ ನಾನೇನು ಮೇಕೆನಾ? ಚಿಕ್ಕಮ್ಮಂಗೆ ಮಾಡೋಕೆ ಬೇರೆ ಕೆಲಸ ಇಲ್ವಾ?' ಅಂತೆ."

"ಅಯ್ಯೋ, ಬಾಯಿ ನೋಡು ಅವಳದು!"

ಸನಾತು ಫೋನು ಏಪ್ರನ್ನಿನ ಜೇಬಿಗೆ ಹಾಕುತ್ತಾರೆ. ಮುಖದ ತುಂಬ ಹಿಗ್ಗು, ಮುಚ್ಚಿಟ್ಟುಕೊಳ್ಳಲು ಆಗುತ್ತಿಲ್ಲ.

"ಹದಿನೈದು ವರ್ಷಕ್ಕೆ ನಂಗೆ ಯಾರನ್ನೂ ಬೈಯೋ ಧೈರ್ಯ ಇರಲಿಲ್ಲ ಅಮ್ಮಾ. ಇವಳು ಅಮೆರಿಕದ ಚಿಕ್ಕಮ್ಮನ್ನೇ ಬೈತಾಳೆ."